ಅಳಿಸಿ ಬರೆದ ಹದಿನೇಳು

ಫೈಟರ್‌ಗೆ ಮೊದಲು ಬಲ. ಆಮೇಲೆ ದಮ್ಮು. ಆಮೇಲೆ ಚುರುಕು. ಮಿಕ್ಕ ಮೂರಕ್ಕೆ ಏನು ಉಳಿದಿರುತ್ತದೋ ಅದನ್ನು ಹಂಚಿ ಕೈ ತೊಳೆದುಕೊಳ್ಳುವುದು. ಇಪ್ಪತ್ತನೇ ವಯಸ್ಸಿನಲ್ಲಿ ನನಗೆ ಖಂಡಿತವಾಗಿ ಗೊತ್ತಿದ್ದ ವಿಷಯಗಳು ಬಹಳ ಕಮ್ಮಿ. ಇದೊಂದು ಮಾತ್ರ ಗೊತ್ತಿತ್ತು. ಯಾರಾದರೂ ಇಲ್ಲ ಅಂದರೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಕೋಪ ಆಗಲೂ ಮೂಗಿನ ತುದಿಯಲ್ಲೇ, ಈಗಲೂ ಅಲ್ಲೇ.

ತೊಂಬತ್ತೊಂಬತ್ತರ ಮಾತಿದು. ಲಕ್ಷ್ಮೀಪುರಂನಲ್ಲಿದ್ದ ಚಿಕ್ಕಮ್ಮನ ಮನೆಯ ಮಹಡಿಯಲ್ಲಿ ಯೋಗ ಕಲಿಯಲು ಬಂದ ವಿದೇಶದವನೊಬ್ಬ ಬಾಡಿಗೆಗಿದ್ದ. ಹೋಗುವಾಗ ಒಂದು ಚಾಪೆ, ಎರಡು ಎಣ್ಣೆ ಬಾಟಲಿ, ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕ ಬಿಟ್ಟುಹೋದ. ಚಾಪೆಯನ್ನು ಚಿಕ್ಕಮ್ಮ ಇಟ್ಟುಕೊಂಡರು. ಪುಸ್ತಕ ರದ್ದಿಗೆ ಹೋಗುವುದರಲ್ಲಿತ್ತು, ನಾನು ಎತ್ತಿಕೊಂಡು ಸಿದ್ಧಾರ್ಥನಗರದ ನಮ್ಮ ಮನೆಗೆ ತಂದೆ. ಅದು ಒಂದು ಆಟದ ಪುಸ್ತಕ. ಆಟಕ್ಕೆ ಹಲಗೆಯಿಲ್ಲ, ಕಾಯಿಯಿಲ್ಲ. ಒಬ್ಬ ಕತೆ ಹೇಳುತ್ತ ಹೋಗಬೇಕು, ಮಿಕ್ಕವರು ತಮ್ಮ ತಮ್ಮ ಪಾತ್ರ, ಫೈಟರ್ ಅಂದರೆ ಕತ್ತಿ ಹಿಡಿದು ಕಾದಾಡುವವನೋ ಮತ್ತೊಬ್ಬನೋ, ಏನು ಮಾಡುತ್ತದೆ ಅಂತ ಹೇಳಬೇಕು. ಮಾಡಿದ್ದು ಗೆಲ್ಲುತ್ತೋ ಸೋಲುತ್ತೋ ಅನ್ನುವುದು ಆ ಪಾತ್ರದ ಹಾಳೆಯಲ್ಲಿ ಬರೆದ ಆರು ಅಂಕಿಗಳ ಮೇಲೆ ನಿಂತಿರುತ್ತದೆ. ಆ ಆರಕ್ಕೆ ನಾವು ನಮ್ಮದೇ ಹೆಸರಿಟ್ಟೆವು. ಬಲ, ಚುರುಕು, ದಮ್ಮು, ಬುದ್ಧಿ, ವಿವೇಕ, ಮಾತು.

ನಾವು ಅಂದರೆ ನಾನು ಮತ್ತು ಚಿಕ್ಕಮ್ಮನ ಮಗಳು. ಪಿಯುಸಿ ಓದುತ್ತಿದ್ದಳು, ಭಾನುವಾರ ಊಟ ಮುಗಿಸಿಕೊಂಡು ಸೈಕಲ್ ತುಳಿದುಕೊಂಡು ಬರುತ್ತಿದ್ದಳು. ಅಂಕಿ ಹುಟ್ಟಿಸಲು ಮೂರು ದಾಳ ಬೇಕಿತ್ತು. ಮನೆಯ ಹಾವು ಏಣಿ ಡಬ್ಬಿಯಲ್ಲಿ ಒಂದೂ ಇರಲಿಲ್ಲ. ಕಾಯುವ ಬುದ್ಧಿ ನನಗೆಲ್ಲಿ? ಅಜ್ಜಿಯ ಚೌಕಾಬಾರದ ನಾಲ್ಕು ಕವಡೆ ಎತ್ತಿಕೊಂಡು, ಒಂದೊಂದು ಗುಣಕ್ಕೂ ಮೂರು ಸಲ ಹಾಕಿ ಕೂಡಿಸುವುದು ಅಂತ ಕಾನೂನು ಮಾಡಿದೆ. ಮೈಸೂರಿನಲ್ಲಿ ಹುಟ್ಟಿದವರ ಕೈಗೆ ಕವಡೆ ಸಿಕ್ಕರೆ ಆಗುವುದೇ ಆಯಿತು. ಎಲ್ಲ ಬೋರಲು ಬಿದ್ದರೆ ಬಾರ, ಎಂಟು, ಇನ್ನೊಂದು ಸಲ ಹಾಕು. ಎಲ್ಲ ಅಂಗಾತ ಬಿದ್ದರೆ ಚೌಕ, ನಾಲ್ಕು, ಇನ್ನೊಂದು ಸಲ ಹಾಕು. ಹಾಗೆ ಹಾಕಬಾರದು ಅಂತ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಪುಸ್ತಕದ ಪ್ರಕಾರ ಮನುಷ್ಯನಿಗೆ ಹದಿನೆಂಟೇ ಕೊನೆ. ನನ್ನ ತಂಗಿಯ ಮೊದಲ ಫೈಟರ್‌ನ ಬಲ ಮೂವತ್ತೊಂದು. ಕೋಟೆ ಬಾಗಿಲನ್ನು ಕೆನ್ನೆಗೆ ಹೊಡೆದ ಹಾಗೆ ಹೊಡೆದು ಉರುಳಿಸಿದ. ಎರಡು ವಾರ ಅವನ ಮುಂದೆ ಒಂದು ಆನೆಯೂ ನಿಲ್ಲಲಿಲ್ಲ, ಆಮೇಲೆ ನಮಗೇ ಬೇಜಾರಾಗಿ ದೇವರಾಜ ಮಾರುಕಟ್ಟೆಯ ಹತ್ತಿರ ಹೋಗಿ ಮೂರು ದಾಳ ತಂದೆವು.

ಮೂರನೆಯವನಾಗಿ ಸೇರಿದವನು ನನ್ನ ಕ್ಲಾಸಿನ ಪೈಲ್ವಾನ. ನಿಜವಾದ ಪೈಲ್ವಾನ. ಅವರ ಅಪ್ಪ ನಜರ್‌ಬಾದಿನ ಕಡೆ ಒಂದು ಹಳೆಯ ಗರಡಿಯ ಉಸ್ತಾದ್, ಬೆಳಿಗ್ಗೆ ಐದಕ್ಕೆ ಮಗನನ್ನು ಎಬ್ಬಿಸಿ ಮಟ್ಟಿಗೆ, ಅಂದರೆ ಕುಸ್ತಿಯ ಕೆಮ್ಮಣ್ಣಿನ ಕಣಕ್ಕೆ, ಇಳಿಸುತ್ತಿದ್ದವರು. ಉಜ್ಜಿ ಉಜ್ಜಿ ಇವನ ಕಿವಿಗಳು ಮುದುರಿಹೋಗಿದ್ದವು. ಕುತ್ತಿಗೆ ನನ್ನ ತೊಡೆಯಷ್ಟಿತ್ತು. ಆದರೆ ಬಾಯಿ ಬಿಟ್ಟರೆ ಎರಡು ಮಾತು. ಹೂಂ, ಇಲ್ಲದಿದ್ದರೆ ಬುಡು. ಮೇಷ್ಟರು ಹಾಜರಿ ಕರೆದರೂ ಕೈ ಎತ್ತುತ್ತಿದ್ದನೇ ಹೊರತು ಸಾರ್ ಅನ್ನುತ್ತಿರಲಿಲ್ಲ. ನಾನು ಎಡೆಬಿಡದೆ ವಟಗುಟ್ಟುವವನು, ಅವನು ಕೇಳುವವನು. ಸ್ನೇಹ ಸರಿಹೋಯಿತು.

ಅವನು ಆಟಕ್ಕೆ ಬರುತ್ತೇನೆ ಅಂದಾಗ ನನಗೆ ಆದ ಖುಷಿ ಹೇಳತೀರದು. ಕೊನೆಗೂ ಒಬ್ಬ ಸರಿಯಾದ ಫೈಟರ್! ದಾಳ ಹಾಕಿದ. ಆರು ಸಲಕ್ಕೆ ಹದಿನೇಳು, ಹದಿನಾಲ್ಕು, ಹದಿಮೂರು, ಹನ್ನೊಂದು, ಒಂಬತ್ತು, ಆರು. ಬಿದ್ದ ಅಂಕಿಗಳನ್ನು ಯಾವ ಗುಣಕ್ಕೆ ಬೇಕಾದರೂ ಕೊಡಬಹುದಿತ್ತು. ಹದಿನೇಳು ಎಲ್ಲಿಗೆ ಹೋಗಬೇಕು ಅಂತ ಎಳೇ ಮಗುವಿಗೂ ಗೊತ್ತು. ಇವನು ಪೆನ್ಸಿಲ್ ಹಿಡಿದು ಕಾಲು ಗಂಟೆ ಕೂತ. ನಾನು ಎದ್ದು ನಮ್ಮ ಮನೆಯ ಹಜಾರದ ಉದ್ದಕ್ಕೂ ಎರಡು ಸಲ ಓಡಾಡಿ ಬಂದೆ. ಆಮೇಲೆ ನೋಡಿದರೆ, ಮಾತಿನ ಎದುರಿಗೆ ಹದಿನೇಳು. ಬಲಕ್ಕೆ ಒಂಬತ್ತು!

"ಲೋ, ನಿಂಗೇನು ತಲೆ ಕೆಟ್ಟಿದ್ಯಾ? ಫೈಟರ್ ಕಣೋ ಇವ್ನು, ಹರಿಕಥೆ ದಾಸ ಅಲ್ಲ. ಕತ್ತಿ ಎತ್ತೋಕೆ ಇಬ್ರು ಆಳು ಕರಿಬೇಕು ಹಿಂಗಾದ್ರೆ."

"ಬಲ ಎಷ್ಟಿದ್ರೂ ಆಯ್ತದೆ ಮಗಾ. ಅಂಗೇ ಇರ್ಲಿ ಬುಡು," ಅಂದ.

"ಅಣ್ಣ, ಅವ್ರ ಹಾಳೆ ಅದು. ಅವ್ರಿಷ್ಟ," ಅಂದಳು ತಂಗಿ.

ಬಿಟ್ಟೆ. ಬಿಟ್ಟೆ ಅಂದರೆ ಬಾಯಿ ಮುಚ್ಚಿಕೊಂಡೆ, ಅಷ್ಟೆ. ಒಳಗೆ ಕುದಿಯುತ್ತಲೇ ಇತ್ತು.

ನನ್ನ ಕತೆಯಲ್ಲಿ ಅವನ ಫೈಟರ್ ಒಬ್ಬ ಪಾಳೇಗಾರನ ಸೈನ್ಯದಲ್ಲಿದ್ದ. ಪಾಳೇಗಾರ ಅವನನ್ನು ಪಕ್ಕದ ಬೆಟ್ಟದ ಕೋಟೆಯ ಮೇಲೆ ಕಳಿಸಬೇಕು, ಅಲ್ಲಿ ದೊಡ್ಡ ಕಾಳಗ. ಆ ಕಾಳಗಕ್ಕೆ ನಾನು ಕಾಲೇಜಿನ ಪಾಠವನ್ನೆಲ್ಲ ಬಿಟ್ಟು ಒಂದು ತಿಂಗಳು ನಕ್ಷೆ ಬರೆದಿದ್ದೆ. ಎಷ್ಟು ಬಾಗಿಲು, ಎಷ್ಟು ಬುರುಜು, ಯಾವ ಬುರುಜಿನಲ್ಲಿ ಎಷ್ಟು ಬಿಲ್ಲಾಳು, ಎಲ್ಲ. ಇವನೋ, ಕೋಟೆಯ ಕಡೆಗೆ ಒಂದು ಹೆಜ್ಜೆ ಇಡಲೊಲ್ಲ. ಭಾನುವಾರ ಬಂತೆಂದರೆ ಅದೇ ರಾಗ. "ನನ್ ಫೈಟರ್ ದಣಿ ಹತ್ರ ಹೋಗಿ ಮಾತಾಡ್ತಾನೆ." ಏನಂತ? "ಈ ಸಲ ನಾನು ಹೋಗಲ್ಲ ಅಂತ." ನಾನು ಏನಾದರೂ ನೆಪ ಹೂಡುತ್ತಿದ್ದೆ. ದಣಿ ಬೇಟೆಗೆ ಹೋಗಿದ್ದಾನೆ. ದಣಿಗೆ ಜ್ವರ. ದಣಿಯ ಅತ್ತೆ ತೀರಿಹೋದರು. ತಂಗಿ ಬಿದ್ದು ಬಿದ್ದು ನಗುತ್ತಿದ್ದಳು. ಅವನು ನಗುತ್ತಿರಲಿಲ್ಲ. ಬರುವ ವಾರ ಹೋಗ್ತಾನೆ ಅಂತ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ.

ಆಗಸ್ಟ್ ಇರಬೇಕು. ಆಟ ಮುಗಿಸಿ ಅವನನ್ನು ಬೀದಿಯ ಕೊನೆಯವರೆಗೆ ಬಿಡಲು ಹೋಗಿದ್ದೆ. ಅಂಗಡಿಯ ಮುಂದೆ ಟೀ ಕುಡಿಯುವಾಗ ಅವನು ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದ. ಏನೋ ಅದು ಅಂದೆ. "ಭುಜ ಜಾರ್ತದೆ," ಅಂದ. ಯುಗಾದಿಯ ಹೊತ್ತಿಗೆ ಮೊದಲ ಸಲ ಕೀಲು ತಪ್ಪಿತ್ತಂತೆ. ಆಮೇಲೆ ಎರಡು ಸಲ. ತಾನೇ ಗೋಡೆಗೆ ಒತ್ತಿ ಕೂರಿಸಿಕೊಂಡಿದ್ದ. ಮನೆಯಲ್ಲಿ ಗೊತ್ತಿಲ್ಲ. ದಸರಾ ಹತ್ತಿರ ಬಂತು. ದಸರಾಕ್ಕೆ ಕುಸ್ತಿ, ಕುಸ್ತಿಗೆ ಕೆಲವು ವಾರ ಮೊದಲು ಜೋಡಿ ಕಟ್ಟುವ ದಿನ. ಅವತ್ತು ಎಲ್ಲ ಗರಡಿಯವರೂ ತಮ್ಮ ತಮ್ಮ ಹುಡುಗರನ್ನು ಕರೆತರುತ್ತಾರೆ, ಮೈತೂಕ ನೋಡಿ, ಮೈಕಟ್ಟು ನೋಡಿ ಯಾರಿಗೆ ಯಾರು ಅಂತ ಗೊತ್ತುಮಾಡುತ್ತಾರೆ, ಇಬ್ಬರೂ ಎಲ್ಲರ ಮುಂದೆ ಕೈ ಕೂಡಿಸುತ್ತಾರೆ. ಕೈ ಕೂಡಿಸಿದ ಮೇಲೆ ಹಿಂದೆ ಸರಿಯುವುದೆಂದರೆ ಗರಡಿಯ ಮಾನ ಹೋದ ಹಾಗೆ.

"ಅದಕ್ಕೆ ಮುಂಚೆ ಅಪ್ಪಾಜಿಗೆ ಹೇಳ್ಬೇಕು, ಈ ವರ್ಷ ಬೇಡ ಅಂತ," ಅಂದ.

"ಹೇಳು ಹಂಗಾದ್ರೆ. ಅದೇನು ಬ್ರಹ್ಮವಿದ್ಯೆನಾ?"

"ಎಂಗೆ ಹೇಳೋದು ಮಗಾ. ಮುಂದೆ ನಿಂತ್ರೆ ಬಾಯೇ ಬರಕಿಲ್ಲ."

ಒಂದು ವಾಕ್ಯ ಹೇಳಲು ಇಷ್ಟು ಒದ್ದಾಟವೇ ಅಂತ ನನಗೆ ನಿಜವಾಗಿಯೂ ಸಿಟ್ಟು ಬಂತು. ಲೋಟ ಇಟ್ಟು, ಭುಜಕ್ಕೆ ಎಣ್ಣೆ ಹಚ್ಚಿಕೋ ಅಂತ ಬುದ್ಧಿ ಹೇಳಿ ಮನೆಗೆ ಬಂದೆ. ಬಂದವನೇ ನಕ್ಷೆಗೆ ಇನ್ನೊಂದು ಬುರುಜು ಸೇರಿಸಿದೆ. ಟೀ ಅಂಗಡಿಯ ಮಾತಿಗೂ ಭಾನುವಾರದ ಪಾಳೇಗಾರನಿಗೂ ಇರುವ ಸಂಬಂಧ ಬೀದಿಯಲ್ಲಿ ಹೋಗುವವನಿಗೂ ಕಾಣುತ್ತಿತ್ತು. ನನಗೆ ಕಾಣಲಿಲ್ಲ. ನನ್ನ ತಲೆಯ ತುಂಬ ಕೋಟೆಯೇ ಇತ್ತು.

ಜೋಡಿ ಕಟ್ಟುವುದು ಬುಧವಾರ ಅಂತ ಆಯಿತು. ಅದರ ಹಿಂದಿನ ಭಾನುವಾರದ ಆಟಕ್ಕೆ ಇನ್ನು ನೆಪ ಉಳಿದಿರಲಿಲ್ಲ. ಅವನು ದಣಿಯ ಮುಂದೆ ಹೋಗಿಯೇ ಹೋಗುತ್ತಾನೆ. ನಮ್ಮಲ್ಲಿ ಪುಸ್ತಕದ ಇಪ್ಪತ್ತು ಮುಖದ ದಾಳ ಇರಲಿಲ್ಲವಾದ್ದರಿಂದ ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿದ್ದೆವು. ಎತ್ತಿದ ಚೀಟಿ ಗುಣದ ಅಂಕಿಗೆ ಸಮ ಅಥವಾ ಕಮ್ಮಿಯಿದ್ದರೆ ಕೆಲಸ ಗೆದ್ದಿತು. ಮಾತು ಹದಿನೇಳಿದ್ದರೆ ಅವನು ಸೋಲುವುದೇ ಅಪರೂಪ. ದಣಿ ಒಪ್ಪುತ್ತಾನೆ, ಫೈಟರ್ ಮನೆಗೆ ಹೋಗಿ ಮಲಗುತ್ತಾನೆ, ನನ್ನ ಕೋಟೆ ನಾಯಿಪಾಲು. ಶನಿವಾರವೆಲ್ಲ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯ ಒಳಗೂ ಹೊರಗೂ ತಿರುಗಿದೆ. ಏನೋ ನಿಂಗೆ ಬಂದಿರೋದು, ಒಂದು ಕಡೆ ಕೂರು ಅಂತ ಅಮ್ಮ ಗದರಿದರು. ಹಾಳೆಗಳೆಲ್ಲ ನನ್ನ ಬಳಿಯೇ ಇರುತ್ತಿದ್ದವು. ಸಂಜೆ ಅವನ ಹಾಳೆ ತೆಗೆದೆ. ರಬ್ಬರ್ ತೆಗೆದುಕೊಂಡು ಹದಿನೇಳನ್ನೂ ಒಂಬತ್ತನ್ನೂ ಉಜ್ಜಿದೆ. ಬಲಕ್ಕೆ ಹದಿನೇಳು ಬರೆದೆ, ಮಾತಿಗೆ ಒಂಬತ್ತು. ಅವನ ಒಳ್ಳೆಯದಕ್ಕೇ ಅಂತ ನನಗೆ ನಾನೇ ಹೇಳಿಕೊಂಡೆ. ಫೈಟರ್ ಅಂದಮೇಲೆ ಬಲ ಬೇಕು, ಪುಸ್ತಕವೇ ಹೇಳುತ್ತದೆ. ಹಾಳು ಪುಸ್ತಕ.

ಭಾನುವಾರ ಅವನು ಅರ್ಧ ಗಂಟೆ ಮುಂಚೆ ಬಂದ. ತಲೆ ಬಾಚಿಕೊಂಡಿದ್ದ. ತಂಗಿ ಬಂದು ಕೂತಳು. ನಾನು ಪಾಳೇಗಾರನಾಗಿ ಗಂಟಲು ದಪ್ಪ ಮಾಡಿಕೊಂಡು, ಏನಯ್ಯ ಬಂದಿದ್ದು ಅಂದೆ. ನಮ್ಮ ಆಟದಲ್ಲಿ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಅವನು ಎದ್ದು ನಿಂತ. ಕೈ ಎರಡನ್ನೂ ಪಕ್ಕಕ್ಕೆ ಇಳಿಬಿಟ್ಟು ಹೇಳಿದ.

"ಬುದ್ಧೀ, ನಾನು ನಿಮ್ಮ ಮಾತು ಯಾವತ್ತೂ ಮೀರಿಲ್ಲ. ಈ ಸಲ ನನ್ನ ಮೈ ಸರಿಯಾಗಿಲ್ಲ. ಹೋದ್ರೆ ಕೈ ಕಳ್ಕೊಂಡು ಬರ್ತೀನಿ. ಹೆದರ್ಕೊಂಡು ಹೇಳ್ತಿಲ್ಲ. ಒಂದು ವರ್ಷ ಬುಟ್ಬುಡಿ. ಮುಂದಿನ ವರ್ಷ ನೀವು ಹೇಳಿದ ಕಡೆ ಹೋಯ್ತೀನಿ."

ಇಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಎಲ್ಲೂ ತಡವರಿಸಲಿಲ್ಲ. ತಂಗಿ ಪೆನ್ಸಿಲ್ ಕೆಳಗಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು. ನಾನೂ ಒಂದು ಕ್ಷಣ ನನ್ನ ನಕ್ಷೆ ಮರೆತೆ. ಆದರೂ ಡಬ್ಬಿ ಮುಂದೆ ಚಾಚಿದೆ. ಎತ್ತಿದ. ಹನ್ನೆರಡು.

ಅವನು ನಕ್ಕ. ಹಲ್ಲು ಕಾಣುವ ಹಾಗೆ, ಚೆನ್ನಾಗಿ ನಕ್ಕ.

"ನಗ್ಬೇಡ. ನಿನ್ನ ಮಾತು ಒಂಬತ್ತು," ಅಂದೆ.

ಹಾಳೆಯನ್ನು ಅವನ ಕಡೆ ತಿರುಗಿಸಿದೆ. ಉಜ್ಜಿದ ಕಡೆ ಕಾಗದ ಕಪ್ಪಾಗಿತ್ತು, ಹಳೆಯ ಏಳರ ಗೆರೆ ಇನ್ನೂ ಸ್ವಲ್ಪ ಕಾಣುತ್ತಿತ್ತು. ಅವನು ಬೆರಳಿನಿಂದ ಅದನ್ನು ಸವರಿದ.

"ಯಾವಾಗ ಮಾಡ್ದೆ?"

"ನಿನ್ನೆ. ಲೋ, ನಿನ್ನ ಒಳ್ಳೇದಕ್ಕೇ ಕಣೋ. ಫೈಟರ್‌ಗೆ ಮಾತು ಯಾಕೆ?"

"ಅಣ್ಣ, ಇದು ಮೋಸ," ಅಂದಳು ತಂಗಿ. ರಬ್ಬರನ್ನು ನನ್ನ ಕಡೆ ತಳ್ಳಿದಳು. "ವಾಪಸ್ ಬರಿ. ಈಗ್ಲೇ ಬರಿ."

"ಕತೆ ಹೇಳೋನು ನಾನು. ನಾನು ಹೇಳಿದ್ದೇ ಕಾನೂನು," ಅಂದೆ. ಹಾಗೆ ಹೇಳಿದ್ದು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವನು ಕೂತ. "ಸರಿ ಬುಡು," ಅಂದ. "ಆಗಾಕಿಲ್ಲ ಅಂತ ಗೊತ್ತಿತ್ತು." ಆಮೇಲೆ ಅವನ ಫೈಟರ್ ಕೋಟೆಗೆ ಹೋದ. ಹದಿನೇಳರ ಬಲದಲ್ಲಿ ಎರಡು ಬಾಗಿಲು ಮುರಿದ, ನಾಲ್ಕು ಬುರುಜು ಹತ್ತಿದ, ಬಿಲ್ಲಾಳುಗಳನ್ನು ಎತ್ತೆತ್ತಿ ಎಸೆದ. ನಾನು ಕುಣಿದಾಡಿಬಿಟ್ಟೆ. ನೋಡ್ದಾ, ನೋಡ್ದಾ ಅಂತ ಅವನ ಭುಜ ತಟ್ಟಿದೆ, ಅದೂ ಎಡ ಭುಜವನ್ನೇ. ಮುಖ ಕಿವುಚಿದ. ತಂಗಿ ಆಟ ಮುಗಿಯುವ ಮೊದಲೇ ಎದ್ದು ಹೋದಳು, ಆಮೇಲೆ ಆ ಆಟಕ್ಕೆ ಬರಲೇ ಇಲ್ಲ.

ಬುಧವಾರ ಅವನು ಹೇಳಲಿಲ್ಲ. ಜೋಡಿ ಕಟ್ಟಿದರು. ಗುರುವಾರ ಕಾಲೇಜಿನಲ್ಲಿ ನಾನೇ ಕೇಳಿದೆ, ಹೇಳಿದ್ಯಾ ಅಂತ. ತಲೆ ಅಲ್ಲಾಡಿಸಿದ. "ಬಾಯಿಗೆ ಬಂದಿತ್ತು ಮಗಾ. ಆಮೇಲೆ ಆಗಾಕಿಲ್ಲ ಅನ್ಸ್ತು," ಅಂದ. ಬಯ್ಯಲಿಲ್ಲ. ಬೈದಿದ್ದರೆ ನಾನೂ ಬೈದು ಎದುರು ನಿಲ್ಲುತ್ತಿದ್ದೆ, ನನಗೆ ಬರುವುದು ಅದೊಂದೇ ತಾನೆ. ಅವತ್ತು ನನಗೆ ಅರ್ಥವಾಯಿತು, ನಾನು ಏನು ಅಳಿಸಿದ್ದೆ ಅಂತ.

ಆಮೇಲಿನ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅನ್ನ ಸೇರಲಿಲ್ಲ. ಬಸ್ಸು ಹತ್ತಿದರೆ ನಿಲ್ದಾಣ ಬರುವ ಮೊದಲೇ ಇಳಿದು ನಡೆಯುತ್ತಿದ್ದೆ. ನಾನೇ ಹೋಗಿ ಅವರ ಅಪ್ಪನಿಗೆ ಹೇಳಿಬಿಡುವುದು ಅಂತ ನಿಶ್ಚಯಿಸಿದೆ. ಕೈ ಕೂಡಿಸಿಯಾಗಿದ್ದರೇನು, ಮುರಿದ ಭುಜಕ್ಕಿಂತ ಮಾನ ದೊಡ್ಡದೇ? ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ. ಒಂದು ಸಂಜೆ ಗರಡಿಯ ತಗ್ಗು ಬಾಗಿಲಲ್ಲಿ ಬಗ್ಗಿ ಒಳಗೆ ಹೋದೆ. ಅರಿಶಿನ, ತುಪ್ಪ, ನಿಂಬೆಹುಳಿ ಬೆರೆಸಿದ ಕೆಮ್ಮಣ್ಣಿನ ವಾಸನೆ. ಉಸ್ತಾದರು ಸಲಿಕೆ ಹಿಡಿದು ಮಟ್ಟಿ ಅಗೆಯುತ್ತಿದ್ದರು. ನನಗಿಂತ ಗಿಡ್ಡ ಮನುಷ್ಯ, ಬಿಳಿ ಮೀಸೆ. ಕೆಲಸ ನಿಲ್ಲಿಸಿ ನನ್ನ ಕಡೆ ನೋಡಿದರು.

"ಏನಪ್ಪಾ, ಅವನು ಇಲ್ವಲ್ಲ. ಏನಾಗ್ಬೇಕಿತ್ತು?"

ಅಷ್ಟು ದಿನ ಊರಿಗೆಲ್ಲ ಭಾಷಣ ಮಾಡಿಕೊಂಡಿದ್ದ ನನ್ನ ಬಾಯಿ ಒಣಗಿಹೋಯಿತು. ಅವರು ಗದರಿರಲಿಲ್ಲ, ಹುಬ್ಬು ಕೂಡ ಏರಿಸಿರಲಿಲ್ಲ.

"ಏನಿಲ್ಲ ಉಸ್ತಾದ್ರೇ, ಸುಮ್ನೆ ಬಂದೆ," ಅಂದೆ. ನಮಸ್ಕಾರ ಮಾಡಿ ಹೊರಗೆ ಬಂದು, ಸಿದ್ಧಾರ್ಥನಗರದವರೆಗೂ ನನ್ನನ್ನು ನಾನೇ ಬೈದುಕೊಳ್ಳುತ್ತ ನಡೆದೆ. ಮತ್ತೆ ಹೋಗುವ ಧೈರ್ಯ ಬರಲಿಲ್ಲ.

ಕುಸ್ತಿಗೆ ಹೋಗಿದ್ದೆ. ಹೋಗದೆ ಇರಲಾಗಲಿಲ್ಲ, ಹೋಗಿ ಕೂರಲೂ ಆಗಲಿಲ್ಲ, ಜನರ ಹಿಂದೆ ನಿಂತುಕೊಂಡೇ ನೋಡಿದೆ. ಎದುರಾಳಿ ಮಂಡ್ಯ ಕಡೆಯವನು, ಒಳ್ಳೆಯ ಹುಡುಗ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದ. ಮೊದಲ ಎರಡು ನಿಮಿಷ ನಮ್ಮವನದೇ ಮೇಲುಗೈ. ಜನ ಶಿಳ್ಳೆ ಹೊಡೆದರು. ಆಮೇಲೆ ಮಂಡ್ಯದವನು ಇವನ ಎಡಗೈ ಹಿಡಿದು ಒಳಗೆ ನುಗ್ಗಿದ. ಅವನದೇನೂ ತಪ್ಪಿಲ್ಲ, ಎಲ್ಲರೂ ಹಿಡಿಯುವ ಪಟ್ಟೇ ಅದು. ಇವನು ಕಿರುಚಲಿಲ್ಲ. ಕೈ ಮಾತ್ರ ಇರಬಾರದ ಕಡೆ ತಿರುಗಿ ಹಾಗೇ ನಿಂತಿತು. ಶಿಳ್ಳೆ ನಿಂತುಹೋಯಿತು. ಉಸ್ತಾದರು ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದನ್ನು ಜನರ ತಲೆಗಳ ನಡುವೆ ಕಂಡೆ.

ಆಸ್ಪತ್ರೆಗೆ ಹೋಗಲು ನನಗೆ ಐದು ದಿನ ಬೇಕಾಯಿತು. ಮೂಸಂಬಿ ಹಿಡಿದುಕೊಂಡು ಹೋದೆ. ಶಸ್ತ್ರಚಿಕಿತ್ಸೆ ಆಗಿತ್ತು. ಕೈಯನ್ನು ಮೈಗೆ ಸೇರಿಸಿ ಬಿಗಿದಿದ್ದರು. ತಲೆಯಿಂದ ಮೇಲಕ್ಕೆ ಇನ್ನು ಆ ಕೈ ಏಳುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಅವನು ಕಣ್ಣು ಮುಚ್ಚಿ ಮಲಗಿದ್ದ. ಉಸ್ತಾದರು ಸ್ಟೂಲಿನ ಮೇಲೆ ಕೂತು ಬಟ್ಟಲಿನಲ್ಲಿ ರಾಗಿ ಗಂಜಿ ಆರಿಸುತ್ತಿದ್ದರು. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿ ಬಾ ಕೂತ್ಕೋ ಅಂದರು.

"ಯುಗಾದಿಯಿಂದ್ಲೂ ಕೀಲು ಜಾರ್ತಿತ್ತಂತೆ. ಡಾಕ್ಟ್ರು ಹೇಳ್ದಾಗ್ಲೇ ನಂಗೆ ಗೊತ್ತಾಗಿದ್ದು," ಅಂದರು. "ಒಂದು ಮಾತು ಹೇಳಿದ್ರೆ ಬುಟ್ಬುಡ್ತಿದ್ದೆ ಕಣಪ್ಪಾ. ನಂಗೂ ಇಪ್ಪತ್ತು ವರ್ಷದಲ್ಲಿ ಮೊಣಕಾಲು ಹೋಗಿತ್ತು, ನಮ್ಮ ಉಸ್ತಾದ್ರು ಎರಡು ವರ್ಷ ಮಟ್ಟಿಗೇ ಇಳಿಸ್ಲಿಲ್ಲ. ನಾನೇನು ರಾಕ್ಷಸನಾ? ಹೆತ್ತ ಮಗ." ಆರಿಹೋದ ಗಂಜಿಯನ್ನೇ ಚಮಚದಲ್ಲಿ ಮತ್ತೆ ಮತ್ತೆ ಕಲಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮನೇಗೆ ವಾರವಾರ ಬರ್ತಿದ್ನಲ್ಲ. ನಿಂಗಾದ್ರೂ ಹೇಳಿದ್ನಾ?"

"ಇಲ್ಲ ಉಸ್ತಾದ್ರೇ," ಅಂದೆ. "ನಂಗೂ ಏನೂ ಹೇಳ್ಲಿಲ್ಲ."

ಮಂಚದ ಕಡೆ ನೋಡಿದೆ. ಅವನು ಕಣ್ಣು ತೆರೆದುಕೊಂಡಿದ್ದ.

"ಇಲ್ಲ ಅಪ್ಪಾಜಿ," ಅಂದ. "ಯಾರ್ಗೂ ಹೇಳ್ಲಿಲ್ಲ ನಾನು."